ಇಂಡಿಯಾನ ಹೂಸಿಯರ್ಸ್ 2024: ಹೊಸ ಕೋಚ್ ಬಂದ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಕ್ಕನ ಮಗ ಇಂಡಿಯಾನ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ಗೆ ಓದಲು ಹೋದ ಮೇಲೆ ನಮ್ಮ ಮನೆಯಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲ್ ಮಾತು ಶುರುವಾಯಿತು. ಮೊದಮೊದಲು ಯಾರಿಗೂ ಆಟದ ತಲೆಬುಡ ಗೊತ್ತಾಗುತ್ತಿರಲಿಲ್ಲ. 2024ರ ಸೀಸನ್ ಮುಗಿಯುವ ಹೊತ್ತಿಗೆ ನಡುರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ನೋಡುತ್ತಿದ್ದೆವು. ಅಂದಿನಿಂದ ನೆಂಟರು, ಗೆಳೆಯರು, ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಅಪ್ಪ ಅಮ್ಮಂದಿರು ಕೇಳಿದ್ದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳಿಗೆಲ್ಲ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಇದು ಯಾವ ಫುಟ್‌ಬಾಲ್? ಮೆಸ್ಸಿ ಆಡುವುದಾ?

ಅಲ್ಲ. ಇದು ಕೈಯಲ್ಲಿ ಚೆಂಡು ಹಿಡಿದು ಓಡುವ, ಎಸೆಯುವ ಆಟ. ಒಂದು ಕಡೆಗೆ 11 ಜನ. ಮೈದಾನ 100 ಗಜ ಉದ್ದ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ ಸಿಗುತ್ತದೆ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ಆ ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ದೂರದಿಂದ ಒದ್ದು ಹೊಡೆಯುವ ಫೀಲ್ಡ್ ಗೋಲ್‌ಗೆ 3.

ಕಬಡ್ಡಿ ನೋಡಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಒಬ್ಬ ನುಗ್ಗುತ್ತಾನೆ, ಉಳಿದವರು ಅವನನ್ನು ಹಿಡಿದು ನೆಲಕ್ಕೆ ಕೆಡವುತ್ತಾರೆ. ಗೆರೆ ಮುಟ್ಟಿದನೋ ಇಲ್ಲವೋ ಅನ್ನುವುದರ ಮೇಲೆ ಎಲ್ಲರ ಉಸಿರು ನಿಂತಿರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನೋಡುತ್ತಾ ನೋಡುತ್ತಾ ಬರುತ್ತದೆ.

ಕಾಲೇಜ್ ಟೀಮ್ ಅಂದ ಮೇಲೆ ಇಷ್ಟು ದೊಡ್ಡ ಸುದ್ದಿ ಯಾಕೆ?

ಅಲ್ಲಿ ಕಾಲೇಜ್ ಫುಟ್‌ಬಾಲ್ ಊರಿನ ಜಾತ್ರೆ ಇದ್ದ ಹಾಗೆ. ಎಷ್ಟೋ ರಾಜ್ಯಗಳಲ್ಲಿ ವೃತ್ತಿಪರ ತಂಡವೇ ಇಲ್ಲ, ಯೂನಿವರ್ಸಿಟಿ ತಂಡವೇ ಇಡೀ ರಾಜ್ಯದ ತಂಡ. ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಓದು ಮುಗಿಸಿ ನಲವತ್ತು ವರ್ಷ ಆದವರೂ ಶನಿವಾರ ಬಂದರೆ ಕಾಲೇಜಿನ ಬಣ್ಣದ ಅಂಗಿ ಹಾಕಿಕೊಂಡು ಬರುತ್ತಾರೆ.

ಇಂಡಿಯಾನ ತಂಡ ಮೊದಲು ಹೇಗಿತ್ತು?

ಪಾಪ, ತುಂಬಾ ಸೋತ ತಂಡ. ದೊಡ್ಡ ಮಟ್ಟದ ಕಾಲೇಜ್ ಫುಟ್‌ಬಾಲ್‌ನಲ್ಲಿ 700 ಸೋಲು ಕಂಡ ಮೊದಲ ತಂಡ ಇದೇ, 2022ರಲ್ಲಿ. ಬಿಗ್ ಟೆನ್ ಅನ್ನುವ ಲೀಗ್ ಅನ್ನು ಅಲ್ಲಿಯವರೆಗೆ ಕೊನೆಯ ಸಲ ಗೆದ್ದಿದ್ದು 1967ರಲ್ಲಿ, ಅದೂ ಬೇರೆ ತಂಡಗಳ ಜೊತೆ ಹಂಚಿಕೊಂಡು. ಆ ಸೀಸನ್‌ನಲ್ಲೇ ರೋಸ್ ಬೌಲ್ ಅನ್ನುವ ದೊಡ್ಡ ಪಂದ್ಯಕ್ಕೆ ಹೋಗಿ ಸೋತರು. ಸೀಸನ್ ಕೊನೆಯಲ್ಲಿ ಆಡುವ ಬೌಲ್ ಪಂದ್ಯ ಗೆದ್ದಿದ್ದು 1991ರಲ್ಲಿ, ಆಮೇಲೆ 2024ರವರೆಗೂ ಒಂದೂ ಇಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸದಲ್ಲಿ 2023ರವರೆಗೆ ಒಂದು ಸೀಸನ್‌ಗೆ 9 ಗೆಲುವೇ ಅತಿ ಹೆಚ್ಚು. 1945ರಲ್ಲಿ ಒಮ್ಮೆ, 1967ರಲ್ಲಿ ಒಮ್ಮೆ.

ಇನ್ನೊಂದು ವಿಷಯ ತಿಳಿದಿರಬೇಕು. ಇಂಡಿಯಾನ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ರಾಜ್ಯ. ಈ ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಅಲ್ಲಿ ಫುಟ್‌ಬಾಲ್ ಅಂದರೆ ಚಳಿಗಾಲದ ಬ್ಯಾಸ್ಕೆಟ್‌ಬಾಲ್ ಶುರುವಾಗುವವರೆಗೆ ಕಾಲ ಕಳೆಯುವ ಆಟ ಅನ್ನುವಂತಿತ್ತು. ಎಷ್ಟೋ ಜನ ಸ್ಟೇಡಿಯಂ ಹೊರಗಿನ ಪಾರ್ಕಿಂಗ್ ಜಾಗದಲ್ಲೇ ಊಟ, ಹರಟೆ ಮುಗಿಸಿ ಮನೆಗೆ ಹೋಗುತ್ತಿದ್ದರಂತೆ.

ಹೂಸಿಯರ್ ಅಂದರೆ ಇಂಡಿಯಾನ ರಾಜ್ಯದವನು ಅಂತ ಅರ್ಥ, ಅಷ್ಟೇ.

ಹಳೇ ಕೋಚ್‌ ಅವರನ್ನು ಯಾಕೆ ತೆಗೆದರು?

ಟಾಮ್ ಆಲೆನ್ ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ. 2020ರ ಕೋವಿಡ್ ಸೀಸನ್‌ನಲ್ಲಿ 8ರಲ್ಲಿ 6 ಗೆಲ್ಲಿಸಿಕೊಟ್ಟಿದ್ದರು. ಆದರೆ ಮುಂದಿನ ಮೂರು ವರ್ಷ 2, 4, 3 ಗೆಲುವು. ಬಿಗ್ ಟೆನ್ ಒಳಗೆ ಆ ಮೂರು ವರ್ಷ ಸೇರಿ 27 ಪಂದ್ಯದಲ್ಲಿ ಗೆದ್ದಿದ್ದು ಮೂರೇ ಮೂರು. 2023ರ ನವೆಂಬರ್ ಕೊನೆಯಲ್ಲಿ ಅವರನ್ನು ಕಳಿಸಿದರು. ಕರಾರು ಮುರಿದಿದ್ದಕ್ಕೆ ಒಂದೂವರೆ ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಯಿತು. ಮರುವರ್ಷ ಅವರು ಪೆನ್ ಸ್ಟೇಟ್‌ನಲ್ಲಿ ಡಿಫೆನ್ಸ್ ನೋಡಿಕೊಂಡರು, ಆ ತಂಡವೂ ಪ್ಲೇಆಫ್‌ಗೆ ಬಂತು. ನನಗೆ ಅದು ಖುಷಿ ಕೊಟ್ಟಿತು.

ಈ ಕರ್ಟ್ ಸಿಗ್ನೆಟ್ಟಿ ಯಾರು? ಮೊದಲು ಹೆಸರೇ ಕೇಳಿರಲಿಲ್ಲ.

ಅಮೆರಿಕದಲ್ಲೂ ಬಹಳ ಜನ ಕೇಳಿರಲಿಲ್ಲ. ಈ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಆಮೇಲೆ ಆಗಿದ್ದಕ್ಕೆಲ್ಲ ಬೇರು ಇಲ್ಲೇ ಇದೆ.

ಹುಟ್ಟಿದ್ದು 1961ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಅಪ್ಪ ಫ್ರಾಂಕ್ ಸಿಗ್ನೆಟ್ಟಿ ದೊಡ್ಡ ಕೋಚ್. ವೆಸ್ಟ್ ವರ್ಜೀನಿಯಾ ತಂಡಕ್ಕೆ, ಆಮೇಲೆ ಐಯುಪಿ ಅನ್ನುವ ಸಣ್ಣ ಯೂನಿವರ್ಸಿಟಿಗೆ ಕೋಚ್ ಆಗಿದ್ದವರು, ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಹೆಸರಿದೆ. ಮಗ ವೆಸ್ಟ್ ವರ್ಜೀನಿಯಾದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು. ಆಟ ಬಿಟ್ಟ ಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ಕೈಕೆಳಗೆ ಅಸಿಸ್ಟೆಂಟ್. 2007ರಿಂದ 2010ರವರೆಗೆ ಅಲಬಾಮಾದಲ್ಲಿ ಹೆಡ್ ಕೋಚ್ ನಿಕ್ ಸಬನ್ ಜೊತೆ ಕೆಲಸ. 2009ರಲ್ಲಿ ಆ ತಂಡ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅಂಥ ಜಾಗದಲ್ಲಿ ಇದ್ದವರು ಸಾಮಾನ್ಯವಾಗಿ ಇನ್ನೂ ದೊಡ್ಡ ಕರೆ ಬರಲಿ ಅಂತ ಕಾಯುತ್ತಾರೆ. ಸಿಗ್ನೆಟ್ಟಿಗೆ ಆಗ 49 ವರ್ಷ. ಹೆಡ್ ಕೋಚ್ ಆಗುವ ಆಸೆ ಹಾಗೇ ಉಳಿದುಹೋಗುತ್ತದೆ ಅನ್ನಿಸಿತು. 2011ರಲ್ಲಿ ಅಲಬಾಮಾ ಬಿಟ್ಟು, ಕಡಿಮೆ ಸಂಬಳಕ್ಕೆ, ಎರಡನೇ ದರ್ಜೆಯ ಐಯುಪಿಗೆ ಹೋದರು. ಅಪ್ಪ ಇದ್ದ ಅದೇ ಜಾಗ. ಐಯುಪಿ ಇರುವುದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ, ಆ ಊರಿನ ಹೆಸರೂ ಇಂಡಿಯಾನ! ಅಂದರೆ ಒಂದು ಇಂಡಿಯಾನದಿಂದ ಹೊರಟು, ಹನ್ನೆರಡು ಹದಿಮೂರು ವರ್ಷ ಆದ ಮೇಲೆ ಇನ್ನೊಂದು ಇಂಡಿಯಾನಕ್ಕೆ ಬಂದು ಸೇರಿದರು.

ಐಯುಪಿಯಲ್ಲಿ ಆರು ವರ್ಷ, 53 ಗೆಲುವು, 17 ಸೋಲು. ನಂತರ ಎಲಾನ್ ಯೂನಿವರ್ಸಿಟಿಯಲ್ಲಿ ಎರಡು ವರ್ಷ. ಆಮೇಲೆ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಲ್ಲಿ ಐದು ವರ್ಷ, 52 ಗೆಲುವು, 9 ಸೋಲು. ಆ ತಂಡ 2022ರಲ್ಲಿ ಮೇಲಿನ ದರ್ಜೆಗೆ ಬಂತು. ಬಂದ ಎರಡನೇ ವರ್ಷವೇ ಅವರ ಕೈಯಲ್ಲಿ 12ರಲ್ಲಿ 11 ಗೆದ್ದಿತು. ಹೆಡ್ ಕೋಚ್ ಆದ ಮೇಲೆ ಒಂದು ವರ್ಷವೂ ಗೆಲುವಿಗಿಂತ ಸೋಲು ಜಾಸ್ತಿ ಆಗಿಲ್ಲ. 2023ರ ನವೆಂಬರ್ 30ಕ್ಕೆ ಇಂಡಿಯಾನ ಅವರನ್ನು ಕರೆದುಕೊಂಡಿತು. ಆಗ ಅವರಿಗೆ 62 ವರ್ಷ. ನಮ್ಮಲ್ಲಿ ರಿಟೈರ್ ಆಗಿ ಸೈಟು, ತೋಟ ನೋಡಿಕೊಳ್ಳುವ ವಯಸ್ಸು.

"ಗೂಗಲ್ ಮಾಡಿ" ಅಂತ ಏನೋ ಹೇಳಿದರಂತಲ್ಲ?

ಹೌದು. ಬಂದ ತಿಂಗಳೊಳಗೆ ಒಂದು ಪತ್ರಿಕಾಗೋಷ್ಠಿಯಲ್ಲಿ ಕೇಳಿದರು, ನಿಮ್ಮ ಯೋಜನೆಯನ್ನು ಹುಡುಗರು ನಂಬುವ ಹಾಗೆ ಹೇಗೆ ಹೇಳುತ್ತೀರಿ ಅಂತ. ಅದಕ್ಕೆ ಅವರು ಕೊಟ್ಟ ಉತ್ತರ: ತುಂಬಾ ಸಿಂಪಲ್, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ. ಅದಕ್ಕೂ ಮುಂಚೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮೈಕ್ ಹಿಡಿದು ಲೀಗ್‌ನ ಎದುರಾಳಿಗಳಾದ ಪರ್ಡ್ಯೂ, ಮಿಷಿಗನ್, ಒಹಾಯೊ ಸ್ಟೇಟ್ ಮೂರನ್ನೂ ಬೈದಿದ್ದರು.

ಕೆಲವರಿಗೆ ಇದು ಜಂಬ ಅನ್ನಿಸಿತು. ನನಗೆ ಹಾಗೆ ಕಾಣುವುದಿಲ್ಲ. ಸೋತು ಸೋತು ತಲೆ ತಗ್ಗಿಸಿದ್ದ ಊರಿಗೆ ಯಾರಾದರೂ ಒಬ್ಬರು ಗಟ್ಟಿಯಾಗಿ ಮಾತಾಡಬೇಕಿತ್ತು. ಮತ್ತೆ, ಗೂಗಲ್ ಮಾಡಿದರೆ ಅವರು ಹೇಳಿದ್ದು ನಿಜವೇ ಇತ್ತು.

ಒಂದೇ ವರ್ಷದಲ್ಲಿ ತಂಡ ಹೇಗೆ ಬದಲಾಯಿತು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಎಲ್ಲರೂ ಕೊಡುವ ಉತ್ತರ "ಪವಾಡ". ನಾನು ಒಪ್ಪುವುದಿಲ್ಲ. ಪವಾಡ ಅಂದುಬಿಟ್ಟರೆ ಅವರ ಕೆಲಸಕ್ಕೆ ಬೆಲೆ ಕೊಟ್ಟ ಹಾಗೆ ಆಗುವುದಿಲ್ಲ.

ಮೊದಲು ನಿಯಮದ ವಿಷಯ. ಹಿಂದೆ ಕಾಲೇಜ್ ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಒಂದು ಸಲ ಬದಲಿಸಿದರೆ ಕೂರಬೇಕಾಗಿಲ್ಲ ಅಂತಾಯಿತು, 2024ರಲ್ಲಿ ಎಷ್ಟು ಸಲವಾದರೂ ಬದಲಿಸಬಹುದು ಅಂತಾಯಿತು. ಹೆಸರು ಹಾಕಿಕೊಳ್ಳುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಇದರ ಜೊತೆಗೆ ಕೋವಿಡ್ ವರ್ಷ ಆಡಿದವರಿಗೆಲ್ಲ ಒಂದು ವರ್ಷ ಹೆಚ್ಚಿಗೆ ಆಡುವ ಅವಕಾಶ ಸಿಕ್ಕಿತ್ತು. ಹಾಗಾಗಿ 2024ರಲ್ಲಿ 22, 23 ವರ್ಷದ, ಐದಾರು ಸೀಸನ್ ಆಡಿದ ಹುಡುಗರು ಬಹಳ ಇದ್ದರು.

ದೊಡ್ಡ ತಂಡಗಳು ಹೈಸ್ಕೂಲ್‌ನಲ್ಲೇ ಹೆಸರು ಮಾಡಿದ, ಎತ್ತರ, ತೂಕ, ವೇಗ ಎಲ್ಲ ಇರುವವರ ಹಿಂದೆ ಓಡುತ್ತಿದ್ದವು. ಸಿಗ್ನೆಟ್ಟಿ ನೋಡಿದ್ದು ಬೇರೆ. ಮುಂದೆ ಏನಾಗಬಹುದು ಅನ್ನುವುದಕ್ಕಿಂತ ಈಗಾಗಲೇ ಮೈದಾನದಲ್ಲಿ ಏನು ಮಾಡಿ ತೋರಿಸಿದ್ದಾನೆ ಅನ್ನುವುದು ಅವರಿಗೆ ಮುಖ್ಯ. ಸಣ್ಣ ಕಾಲೇಜಿನಲ್ಲಿ ಆಡಿದ್ದರೂ ಪರವಾಗಿಲ್ಲ. ಜೇಮ್ಸ್ ಮ್ಯಾಡಿಸನ್‌ನಿಂದಲೇ 13 ಜನ ಅವರ ಹಿಂದೆ ಬಂದರು. ಡಿಫೆನ್ಸ್‌ನ ಏಡನ್ ಫಿಶರ್, ಮಿಕೇಲ್ ಕಮಾರಾ, ಡಿಆಂಜೆಲೊ ಪಾಂಡ್ಸ್, ಚೆಂಡು ಹಿಡಿಯುವ ಎಲೈಜಾ ಸರಾಟ್ ಎಲ್ಲರೂ ಅಲ್ಲಿಯವರು. ಪಾಂಡ್ಸ್ ಎತ್ತರ ಆರು ಅಡಿಯೂ ಇಲ್ಲ, ಅಷ್ಟಕ್ಕೇ ದೊಡ್ಡ ಕಾಲೇಜುಗಳು ಬೇಡ ಅನ್ನುವ ಮೈಕಟ್ಟು.

ಮೂರನೆಯದನ್ನು ಜನ ಗಮನಿಸುವುದು ಕಡಿಮೆ. ಅಸಿಸ್ಟೆಂಟ್ ಕೋಚ್‌ಗಳು ಕೂಡ ಹಳೇ ಜೊತೆಗಾರರೇ. ಆಫೆನ್ಸ್ ನೋಡುವ ಮೈಕ್ ಶನಹನ್, ಡಿಫೆನ್ಸ್ ನೋಡುವ ಬ್ರಯಂಟ್ ಹೇನ್ಸ್ ಇಬ್ಬರೂ ಐಯುಪಿ ದಿನಗಳಿಂದ ಅವರ ಜೊತೆ ಕೆಲಸ ಮಾಡಿದವರು. ಹೊಸ ಅಡುಗೆ ಮನೆಗೆ ಹೋದರೂ ಡಬ್ಬಿಗಳನ್ನು ಎಲ್ಲಿಡಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಹೊಸ ತಂಡ ಅಂತ ನಾವು ಹೊರಗಿನಿಂದ ಅಂದುಕೊಂಡಿದ್ದು, ಒಳಗೆ ವರ್ಷಗಟ್ಟಲೆ ಒಟ್ಟಿಗೆ ದುಡಿದ ಜನ.

ಹಾಗಾದರೆ ಮೊದಲಿಂದ ಇದ್ದ ಹುಡುಗರು?

ಎಲ್ಲರೂ ಹೋಗಲಿಲ್ಲ. ಮೈಕ್ ಕ್ಯಾಟಿಕ್ ಅನ್ನುವ ಸೆಂಟರ್ 2019ರಿಂದ ಅಲ್ಲೇ ಇದ್ದವನು. ಆ 2, 4, 3 ಗೆಲುವಿನ ವರ್ಷಗಳನ್ನೆಲ್ಲ ಮೈಮೇಲೆ ಹೊತ್ತು, ಆರನೇ ವರ್ಷವೂ ಉಳಿದುಕೊಂಡ. ಸೆಂಟರ್ ಅಂದರೆ ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಟ್ಟು, ಎದುರಿನ ಮುನ್ನೂರು ಪೌಂಡ್ ದೇಹವನ್ನು ತಡೆಯುವವನು. ಟಿವಿಯಲ್ಲಿ ಅವನ ಮುಖ ಕಾಣುವುದೇ ಅಪರೂಪ. ಆ ಸೀಸನ್‌ನ ಗೆಲುವು ಯಾರಿಗೆ ಸಿಹಿಯಾಗಿತ್ತು ಅಂತ ನನ್ನನ್ನು ಕೇಳಿದರೆ ಮೊದಲು ಅವನ ಹೆಸರು ಹೇಳುತ್ತೇನೆ. ಊರ ಹುಡುಗ ಒಮರ್ ಕೂಪರ್ ಕೂಡ ಉಳಿದುಕೊಂಡ, ಇಂಡಿಯಾನಾಪೊಲಿಸ್‌ನವನು.

ಸೀಸನ್ ಹೇಗೆ ಸಾಗಿತು?

ಶುರುವಾಗುವ ಮುಂಚೆ ಬಿಗ್ ಟೆನ್ ಬರೆಯುವ ಪತ್ರಕರ್ತರು ಇಂಡಿಯಾನವನ್ನು 18 ತಂಡಗಳಲ್ಲಿ 17ನೇ ಜಾಗದಲ್ಲಿ ಇಟ್ಟಿದ್ದರು. ಹೆಸರು ಬಿಗ್ ಟೆನ್ ಆದರೂ ಆ ವರ್ಷ ತಂಡಗಳು 18, ಅದು ಹಾಗೇ.

ಆಗಸ್ಟ್ 31ಕ್ಕೆ ಎಫ್‌ಐಯು ಮೇಲೆ 31-7. ಮುಂದಿನ ವಾರ ವೆಸ್ಟರ್ನ್ ಇಲಿನಾಯ್ ಮೇಲೆ 77-3. ಎದುರಾಳಿ ಸಣ್ಣವರು, ಸರಿ ಬಿಡು ಅಂದುಕೊಂಡೆವು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಯುಸಿಎಲ್‌ಎ ತಂಡವನ್ನು 42-13ರಿಂದ ಸೋಲಿಸಿದರು. ಷಾರ್ಲಟ್ 52-14, ಮೇರಿಲ್ಯಾಂಡ್ 42-28, ನಾರ್ತ್‌ವೆಸ್ಟರ್ನ್ 41-24. ಆರಕ್ಕೆ ಆರು.

ಅಕ್ಟೋಬರ್ 19ರ ನೆಬ್ರಾಸ್ಕಾ ಪಂದ್ಯದಲ್ಲಿ ನನಗೆ ನಂಬಿಕೆ ಬಂತು. ನೆಬ್ರಾಸ್ಕಾ ಹಳೆಯ ದೊಡ್ಡ ಮನೆತನ ಇದ್ದ ಹಾಗೆ, ಐದು ರಾಷ್ಟ್ರೀಯ ಪ್ರಶಸ್ತಿ ಇರುವ ತಂಡ. ಅವರ ಮೇಲೆ 56-7. ಆದರೆ ಅದೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಎಸೆಯುವ ಕೈಯ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡ. ಆಪರೇಷನ್ ಆಯಿತು. ಮುಗೀತು ಕತೆ ಅಂದರು ಎಲ್ಲರೂ.

ಮುಂದಿನ ವಾರ ವಾಷಿಂಗ್ಟನ್. ಅವತ್ತು ಬೆಳಗ್ಗೆ ದೇಶವೆಲ್ಲ ನೋಡುವ ಟಿವಿ ಕಾರ್ಯಕ್ರಮ ಕಾಲೇಜ್ ಗೇಮ್‌ಡೇ ಬ್ಲೂಮಿಂಗ್ಟನ್‌ಗೆ ಬಂದಿತ್ತು. ಬದಲಿ ಆಟಗಾರ ಟೇವನ್ ಜಾಕ್ಸನ್ ಕೈಗೆ ಚೆಂಡು ಕೊಟ್ಟರು. ಕೈ ಹಿಡಿದಿದ್ದು ಡಿಫೆನ್ಸ್. ಪಾಂಡ್ಸ್ ಎರಡು ಸಲ ಎದುರಾಳಿ ಎಸೆದ ಚೆಂಡನ್ನು ನಡುವೆ ಕಿತ್ತುಕೊಂಡ, ಅದರಲ್ಲಿ ಒಂದನ್ನು ಹಿಡಿದು ಕೊನೆಯವರೆಗೆ ಓಡಿ ಟಚ್‌ಡೌನ್ ಮಾಡಿದ. 31-17.

ನವೆಂಬರ್ 2ಕ್ಕೆ ಮಿಷಿಗನ್ ಸ್ಟೇಟ್ ಎದುರು ಶುರುವಿನಲ್ಲೇ 0-10 ಹಿಂದೆ ಬಿದ್ದರು. ಇಡೀ ಸೀಸನ್‌ನಲ್ಲಿ ಅಲ್ಲಿಯವರೆಗೆ ಒಂದು ನಿಮಿಷವೂ ಹಿಂದೆ ಇದ್ದಿರಲಿಲ್ಲ! ಮುಂದಿನ 47 ಅಂಕ ಅವರದೇ. ವಾಪಸ್ ಬಂದಿದ್ದ ರೋರ್ಕ್ ನಾಲ್ಕು ಟಚ್‌ಡೌನ್ ಎಸೆದ. 47-10.

ಆಮೇಲೆ ಮಿಷಿಗನ್, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್. ನಮ್ಮಲ್ಲಿ ಭಾನುವಾರ ನಡುರಾತ್ರಿ ಎರಡು ಗಂಟೆ. ಅರ್ಧ ಆಟಕ್ಕೆ 17-3 ಇತ್ತು, ನೆಮ್ಮದಿಯಾಗಿ ಕೂತಿದ್ದೆವು. ಎರಡನೇ ಅರ್ಧದಲ್ಲಿ ಇಂಡಿಯಾನ ಮುಂದೆ ಹೋಗಲು ಆಗಲೇ ಇಲ್ಲ. ಮಿಷಿಗನ್ 17-15ಕ್ಕೆ ಬಂತು. ಸಮ ಮಾಡಲು ಎರಡು ಅಂಕದ ಪ್ರಯತ್ನ ಮಾಡಿದರು, ಅಂದರೆ ಟಚ್‌ಡೌನ್ ಆದ ಮೇಲೆ ಒದೆಯುವ ಬದಲು ಇನ್ನೊಮ್ಮೆ ಗೆರೆ ದಾಟುವುದು. ಹೂಸಿಯರ್ಸ್ ಬಿಡಲಿಲ್ಲ. ಕೊನೆಗೆ ಒಂದು ಫೀಲ್ಡ್ ಗೋಲ್, 20-15. ಹತ್ತಕ್ಕೆ ಹತ್ತು. ಆ ಯೂನಿವರ್ಸಿಟಿಯ ಇತಿಹಾಸದಲ್ಲಿ ಹತ್ತು ಗೆಲುವು ಅನ್ನುವುದೇ ಅದೇ ಮೊದಲು. ಫೋನ್‌ನಲ್ಲಿ ಅಕ್ಕನ ಮಗ ಏನು ಹೇಳುತ್ತಿದ್ದಾನೆ ಅಂತ ಕೇಳಿಸುತ್ತಲೇ ಇರಲಿಲ್ಲ, ಬರೀ ಕೂಗು. ಕಪ್‌ಗೋಸ್ಕರ 18 ವರ್ಷ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಆ ಕೂಗು ಏನು ಅಂತ ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ರೋರ್ಕ್ ಬಗ್ಗೆ ಇನ್ನಷ್ಟು ಹೇಳಿ.

ಕೆನಡಾದ ಹುಡುಗ, ಒಂಟಾರಿಯೊದ ಓಕ್‌ವಿಲ್‌ನವನು. ಒಹಾಯೊ ಯೂನಿವರ್ಸಿಟಿಯಲ್ಲಿ ಆಡುತ್ತಿದ್ದ. ಇದು ದೊಡ್ಡ ಒಹಾಯೊ ಸ್ಟೇಟ್ ಅಲ್ಲ, ಅದೇ ರಾಜ್ಯದ ಸಣ್ಣ ತಂಡ. ಕೊನೆಯ ಒಂದು ವರ್ಷ ಆಡಲು ಇಂಡಿಯಾನಕ್ಕೆ ಬಂದ. 3,000 ಗಜಕ್ಕೂ ಹೆಚ್ಚು ಎಸೆದ, 29 ಟಚ್‌ಡೌನ್, ಎದುರಾಳಿ ಕೈಗೆ ಕೊಟ್ಟಿದ್ದು ಐದೇ ಚೆಂಡು.

ಸೀಸನ್ ಮುಗಿದ ಮೇಲೆ ಒಂದು ಸುದ್ದಿ ಬಂತು. ಇಡೀ ವರ್ಷ ಅವನು ಬಲ ಮೊಣಕಾಲಿನ ಎಸಿಎಲ್ ಹರಿದುಕೊಂಡೇ ಆಡಿದ್ದ. ಎಸಿಎಲ್ ಅಂದರೆ ಮೊಣಕಾಲನ್ನು ಅಲುಗಾಡದಂತೆ ಹಿಡಿದಿಡುವ ಮುಖ್ಯವಾದ ಕಟ್ಟು. ಹೆಬ್ಬೆರಳಿನ ಆಪರೇಷನ್ ಬೇರೆ. ಆ ಸುದ್ದಿ ಓದಿದ ಮೇಲೆ ಹಳೇ ಪಂದ್ಯಗಳನ್ನು ಮತ್ತೆ ಹಾಕಿ ನೋಡಿದೆ. ಅವನು ಯಾಕೆ ಓಡದೆ ನಿಂತಲ್ಲೇ ನಿಂತು ಎಸೆಯುತ್ತಿದ್ದ ಅಂತ ಆಗ ಅರ್ಥವಾಯಿತು. ನಾವೆಲ್ಲ ಸೋಫಾದಲ್ಲಿ ಕೂತು "ಓಡೋ, ಓಡೋ" ಅಂತ ಬೈದಿದ್ದೆವು.

ಸುಲಭದ ತಂಡಗಳ ಮೇಲೆ ಗೆದ್ದರು ಅಂತಾರಲ್ಲ?

ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಅದನ್ನು ಮುಚ್ಚಿಡುವುದು ಬೇಡ. ಆ ವರ್ಷದ ಅವರ ಪಟ್ಟಿಯಲ್ಲಿ ಒರೆಗಾನ್ ಇರಲಿಲ್ಲ, ಪೆನ್ ಸ್ಟೇಟ್ ಇರಲಿಲ್ಲ. ಮಿಷಿಗನ್ ಚಾಂಪಿಯನ್ ಆಗಿದ್ದು ಹಿಂದಿನ ವರ್ಷ, ಆ ವರ್ಷ ಅವರೂ ಸೊರಗಿದ್ದರು. ಆದರೆ ಯಾರ ಜೊತೆ ಆಡಬೇಕು ಅನ್ನುವುದನ್ನು ಲೀಗ್ ಮೊದಲೇ ನಿಗದಿ ಮಾಡಿರುತ್ತದೆ. ಮುಂದೆ ನಿಂತವರ ಜೊತೆ ತಾನೇ ಆಡಬೇಕು? 13 ಪಂದ್ಯಗಳ ಸರಾಸರಿ ತೆಗೆದರೆ ಹೊಡೆದಿದ್ದು 41 ಅಂಕ, ಬಿಟ್ಟುಕೊಟ್ಟಿದ್ದು 16ಕ್ಕೂ ಕಡಿಮೆ. ಹಿಂದಿನ ವರ್ಷ 12ರಲ್ಲಿ 9 ಸೋತಿದ್ದ ತಂಡ ಇದು. ಸುಲಭದ ತಂಡ ಅನ್ನುವ ಪಟ್ಟಿಯಲ್ಲಿ ಅಲ್ಲಿಯವರೆಗೆ ಎಲ್ಲರೂ ಬರೆಯುತ್ತಿದ್ದ ಮೊದಲ ಹೆಸರೇ ಇವರದು.

ಒಹಾಯೊ ಸ್ಟೇಟ್ ಎದುರು ಏನಾಯಿತು?

ಸೋತರು. 15-38. ನವೆಂಬರ್ 23, ಒಹಾಯೊ ಸ್ಟೇಟ್‌ನ ಊರಾದ ಕೊಲಂಬಸ್‌ನಲ್ಲಿ. ರ‍್ಯಾಂಕಿಂಗ್‌ನಲ್ಲಿ ಒಹಾಯೊ ಸ್ಟೇಟ್ 2, ಇಂಡಿಯಾನ 5. ಮೊದಲ ಟಚ್‌ಡೌನ್ ಇಂಡಿಯಾನದ್ದೇ. ಆದರೆ ಅರ್ಧ ಆಟಕ್ಕೆ ಸ್ವಲ್ಪ ಮುಂಚೆ ಚೆಂಡನ್ನು ದೂರ ಒದೆಯಬೇಕಿದ್ದವನ ಕೈಯಿಂದ ಅದು ಜಾರಿತು. ವಿರಾಮದ ಮೇಲೆ ಒದ್ದ ಇನ್ನೊಂದು ಚೆಂಡನ್ನು ಕೇಲೆಬ್ ಡೌನ್ಸ್ ಹಿಡಿದು 79 ಗಜ ಓಡಿಬಿಟ್ಟ. ಗದ್ದಲದಲ್ಲಿ ರೋರ್ಕ್‌ಗೆ ಉಸಿರಾಡಲೂ ಬಿಡಲಿಲ್ಲ. ಎರಡು ತಂಡಗಳ ಮುಂದಿನ ಸಾಲಿನ ಬಲದಲ್ಲಿ ಎಷ್ಟು ಅಂತರ ಇದೆ ಅನ್ನುವುದು ಅವತ್ತು ಕಣ್ಣಿಗೆ ರಾಚಿತು. ನಾನು ಆಟ ಮುಗಿಯುವ ಮುಂಚೆಯೇ ಟಿವಿ ಆರಿಸಿದೆ.

ಪರ್ಡ್ಯೂ ಪಂದ್ಯದ ಬಕೆಟ್ ಅಂದರೆ ಏನು?

ಇದು ನನಗೆ ತುಂಬಾ ಇಷ್ಟವಾದ ವಿಷಯ. ಇಂಡಿಯಾನ ಮತ್ತು ಪರ್ಡ್ಯೂ ಒಂದೇ ರಾಜ್ಯದ ಎರಡು ಯೂನಿವರ್ಸಿಟಿಗಳು, ದಾಯಾದಿಗಳ ಹಾಗೆ. ಇವರ ಪಂದ್ಯದಲ್ಲಿ ಗೆದ್ದವರಿಗೆ ಸಿಗುವುದು ಚಿನ್ನದ ಕಪ್ ಅಲ್ಲ, ಬಾವಿ ನೀರು ಸೇದುವ ಓಕ್ ಮರದ ಹಳೇ ಬಕೆಟ್. ದಕ್ಷಿಣ ಇಂಡಿಯಾನದ ಒಂದು ತೋಟದಲ್ಲಿ ಸಿಕ್ಕಿದ್ದು. 1925ರಿಂದ ಇದಕ್ಕಾಗಿ ಆಡುತ್ತಾರೆ. ಪ್ರತಿ ವರ್ಷ ಗೆದ್ದವರ ಹೆಸರಿನ ಮೊದಲ ಅಕ್ಷರವನ್ನು ಕಂಚಿನಲ್ಲಿ ಮಾಡಿಸಿ, ಬಕೆಟ್‌ಗೆ ಕಟ್ಟಿದ ಸರಪಳಿಗೆ ಒಂದು ಕೊಂಡಿಯಾಗಿ ಸೇರಿಸುತ್ತಾರೆ. ಮೊದಲ ವರ್ಷ 0-0 ಸಮ ಆಗಿದ್ದರಿಂದ ಎರಡೂ ಅಕ್ಷರ ಸೇರಿಸಿದ ಕೊಂಡಿ ಇದೆ.

ಒಹಾಯೊ ಸ್ಟೇಟ್ ಸೋಲಿನ ಮುಂದಿನ ವಾರವೇ ಈ ಪಂದ್ಯ. ಇಂಡಿಯಾನ 66, ಪರ್ಡ್ಯೂ 0. ರೋರ್ಕ್ ಆರು ಟಚ್‌ಡೌನ್ ಎಸೆದ. ಬಕೆಟ್ ಶುರುವಾದ ಮೇಲೆ ಇಷ್ಟು ದೊಡ್ಡ ಅಂತರದ ಗೆಲುವು ಇನ್ನೊಂದಿಲ್ಲ.

ಲೀಗ್ ಫೈನಲ್ ಆಡಲಿಲ್ಲವಾ?

ಇಲ್ಲ. ಒರೆಗಾನ್ ಲೀಗ್‌ನಲ್ಲಿ ಒಂದೂ ಸೋಲಲಿಲ್ಲ. ಇಂಡಿಯಾನ, ಪೆನ್ ಸ್ಟೇಟ್ ಇಬ್ಬರೂ 9ರಲ್ಲಿ 8 ಗೆದ್ದಿದ್ದರು. ಸಮ ಆದಾಗ ನೋಡುವ ನಿಯಮದಲ್ಲಿ ಪೆನ್ ಸ್ಟೇಟ್ ಮುಂದೆ ಹೋಯಿತು.

ಪ್ಲೇಆಫ್‌ಗೆ ಹೇಗೆ ಬಂದರು? ಅಲ್ಲಿ ಏನಾಯಿತು?

2023ರವರೆಗೆ ಪ್ಲೇಆಫ್‌ಗೆ ನಾಲ್ಕೇ ತಂಡ. 2024ರಲ್ಲಿ ಮೊದಲ ಸಲ ಅದನ್ನು 12ಕ್ಕೆ ಏರಿಸಿದರು. ಹಳೇ ನಿಯಮ ಇದ್ದಿದ್ದರೆ ಇಂಡಿಯಾನಕ್ಕೆ ಜಾಗ ಇರುತ್ತಿರಲಿಲ್ಲ. ಆಯ್ಕೆ ಸಮಿತಿ ಇವರಿಗೆ 10ನೇ ಜಾಗ ಕೊಟ್ಟಿತು. ಮೂರು ಪಂದ್ಯ ಸೋತ ಅಲಬಾಮಾ ಹೊರಗೆ ಉಳಿಯಿತು, ಅದಕ್ಕೆ ದಕ್ಷಿಣದ ತಂಡಗಳವರು ಸಿಕ್ಕಾಪಟ್ಟೆ ಗಲಾಟೆ ಮಾಡಿದರು.

ಎದುರಾಳಿ ನೋಟರ್ ಡೇಮ್. ಅದೇ ರಾಜ್ಯದ ಉತ್ತರದ ತುದಿಯಲ್ಲಿ ಸೌತ್ ಬೆಂಡ್ ಹತ್ತಿರದ ತಂಡ, ದೇಶದಲ್ಲೇ ದೊಡ್ಡ ಹೆಸರು. ಡಿಸೆಂಬರ್ 20ರ ರಾತ್ರಿ, ನಮಗೆ ಶನಿವಾರ ಬೆಳಗ್ಗೆ ಆರೂವರೆ. 12 ತಂಡಗಳ ಪ್ಲೇಆಫ್‌ನ ಮೊಟ್ಟಮೊದಲ ಪಂದ್ಯವೇ ಇದು. ಕಾಫಿ ಇಟ್ಟುಕೊಂಡು ಕೂತೆವು. ಮೊದಲು ಇಂಡಿಯಾನವೇ ಎದುರಾಳಿಯ ಚೆಂಡು ಕಿತ್ತುಕೊಂಡಿತು. ಗೆರೆಯ ಹತ್ತಿರ ಹೋದಾಗ ರೋರ್ಕ್ ಎಸೆದಿದ್ದು ನೋಟರ್ ಡೇಮ್ ಕೈ ಸೇರಿತು. ಅದರ ಮುಂದಿನ ಆಟದಲ್ಲೇ ಜೆರೆಮಾಯಾ ಲವ್ ಅನ್ನುವ ಹುಡುಗ 98 ಗಜ ಓಡಿದ. ಕಾಫಿ ಅಲ್ಲೇ ತಣ್ಣಗಾಯಿತು. ಕೊನೆಯ ಎರಡು ನಿಮಿಷ ಇರುವಾಗ 3-27. ಆಮೇಲೆ ಎರಡು ಟಚ್‌ಡೌನ್ ಹೊಡೆದು 17-27 ಮಾಡಿದರು.

ಒಂದನ್ನು ಮಾತ್ರ ನೆನಪಿಡಿ. ಆ ವರ್ಷ ಇಂಡಿಯಾನ ಸೋತಿದ್ದು ಎರಡೇ ಪಂದ್ಯ, ಒಹಾಯೊ ಸ್ಟೇಟ್‌ಗೆ ಮತ್ತು ನೋಟರ್ ಡೇಮ್‌ಗೆ. ಜನವರಿಯಲ್ಲಿ ರಾಷ್ಟ್ರೀಯ ಫೈನಲ್ ಆಡಿದ್ದು ಅದೇ ಇಬ್ಬರು. ಒಹಾಯೊ ಸ್ಟೇಟ್ 34-23ರಿಂದ ಗೆದ್ದಿತು.

ಕೋಚ್‌ಗೆ ಸಂಬಳ ಎಷ್ಟು?

2024ರ ನವೆಂಬರ್‌ನಲ್ಲಿ, ಹತ್ತಕ್ಕೆ ಹತ್ತು ಗೆದ್ದಿದ್ದಾಗ, ಎಂಟು ವರ್ಷದ ಹೊಸ ಕರಾರು ಕೊಟ್ಟರು. ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್, ಬಿಟ್ಟು ಹೋಗದಿದ್ದರೆ ಅದರ ಮೇಲೆ ಬೋನಸ್. 2025ರ ಅಕ್ಟೋಬರ್‌ನಲ್ಲಿ ಮತ್ತೆ ಏರಿಸಿದರು. ವರ್ಷದ ಅತ್ಯುತ್ತಮ ಕೋಚ್ ಅಂತ ಬಿಗ್ ಟೆನ್ ಕೂಡ, ಎಪಿ ಸುದ್ದಿಸಂಸ್ಥೆ ಕೂಡ ಅವರನ್ನೇ ಆರಿಸಿತು.

ಆಡುವ ಹುಡುಗರಿಗೆ ದುಡ್ಡು ಸಿಗುತ್ತದಾ?

ಈಗ ಸಿಗುತ್ತದೆ. 2021ರಿಂದ ತಮ್ಮ ಹೆಸರು, ಫೋಟೊ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. ಅದಕ್ಕೂ ಮುಂಚೆ ಕೋಚ್‌ಗಳಿಗೆ ಕೋಟಿಗಟ್ಟಲೆ ಸಂಬಳ, ಮೈಮುರಿದುಕೊಳ್ಳುವ ಹುಡುಗರಿಗೆ ಫೀಸು ಮತ್ತು ಊಟ ವಸತಿ ಅಷ್ಟೇ. ನನಗೆ ಅದು ಯಾವತ್ತೂ ಸರಿ ಕಾಣಲಿಲ್ಲ. ಈಗ ವರ್ಷ ವರ್ಷ ತಂಡ ಬದಲಾಗುತ್ತದೆ, ಊರಿನ ನಂಟು ಉಳಿಯುವುದಿಲ್ಲ ಅಂತ ಹಳಬರು ಬೇಜಾರು ಮಾಡಿಕೊಳ್ಳುತ್ತಾರೆ. ಆ ಬೇಜಾರೂ ಸುಳ್ಳಲ್ಲ. ಆದರೂ ಹುಡುಗರಿಗೆ ಬರಬೇಕಾದ್ದು ಬರಲಿ.

ಆಮೇಲೆ ಏನಾಯಿತು? ಒಂದೇ ವರ್ಷದ ಮಿಂಚಾ?

ಹಾಗೇ ಅಂದುಕೊಂಡವರು ಬಹಳ ಜನ. ಫಿಶರ್, ಕಮಾರಾ, ಪಾಂಡ್ಸ್, ಸರಾಟ್, ಕೂಪರ್ ಉಳಿದುಕೊಂಡರು. ರೋರ್ಕ್ ಜಾಗಕ್ಕೆ ಕ್ಯಾಲಿಫೋರ್ನಿಯಾದಿಂದ ಫರ್ನಾಂಡೊ ಮೆಂಡೋಜಾ ಬಂದ. 2025ರಲ್ಲಿ ಲೀಗ್ ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ 13-10. ಮೆಂಡೋಜಾಗೆ ಹೈಸ್ಮನ್ ಪ್ರಶಸ್ತಿ, ಅಂದರೆ ಆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರ. ರೋಸ್ ಬೌಲ್‌ನಲ್ಲಿ ಅಲಬಾಮಾ ಮೇಲೆ 38-3. ಸಿಗ್ನೆಟ್ಟಿ ಹದಿನೈದು ವರ್ಷದ ಹಿಂದೆ ಬಿಟ್ಟು ಬಂದ ಅದೇ ಅಲಬಾಮಾ. 2026ರ ಜನವರಿ 19ಕ್ಕೆ ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್. 16ಕ್ಕೆ 16. ಆ ಕತೆಗೆ ಬೇರೆಯೇ ಒಂದು ಪುಟ ಬೇಕು.

ಒಂದೇ ಒಂದು ಪಂದ್ಯ ನೋಡುವುದಾದರೆ ಯಾವುದು ನೋಡಲಿ?

2024ರದ್ದು ಅಂದರೆ ಮಿಷಿಗನ್ ಪಂದ್ಯ, ಅದರಲ್ಲೂ ಕೊನೆಯ ಕ್ವಾರ್ಟರ್. 77-3, 66-0 ನೋಡಿ ಸುಮ್ನೆ ಖುಷಿಪಡಬಹುದು, ಆದರೆ ಕಲಿಯಲು ಏನೂ ಸಿಗುವುದಿಲ್ಲ. ಮಿಷಿಗನ್ ಪಂದ್ಯದಲ್ಲಿ 17-15 ಆದಾಗ ಆ ಎರಡು ಅಂಕದ ಪ್ರಯತ್ನ ಬರುತ್ತದಲ್ಲ, ಅಲ್ಲಿ ಒಮ್ಮೆ ನಿಲ್ಲಿಸಿ. ಕೆಂಪು ಅಂಗಿಯ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ದಾರೆ ನೋಡಿಕೊಳ್ಳಿ. ಆಮೇಲೆ ಪ್ಲೇ ಒತ್ತಿ.